ಸಭೆಯನ್ನು ಕಾಯುವವನು

ನಮ್ಮ ಸಭೆಯ ದಫ್ತರಗಳನ್ನು ಬರೆಯುವ ಕೆಲಸ ಹತ್ತೊಂಬತ್ತು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದವನ ಅಕ್ಷರ ದುಂಡಗಿರುತ್ತದೆಂಬ ನಂಬಿಕೆ ನಮ್ಮ ಊರಿನಲ್ಲಿ ಬಲವಾಗಿದೆ. ಆ ನಂಬಿಕೆಯ ಫಲವನ್ನು ನಾನು ಉಣ್ಣುತ್ತಿದ್ದೇನೆ. ದಫ್ತರಗಳು ಮೂರು. ದೀಕ್ಷಾಸ್ನಾನದ್ದೊಂದು, ವಿವಾಹದ್ದೊಂದು, ಮರಣದ್ದೊಂದು. ಇವಲ್ಲದೆ ನಾಲ್ಕನೆಯದೊಂದು ಕಡತವಿದೆ. ಊರು ಬಿಟ್ಟು ಹೋಗುವವರಿಗೆ, ಹೋದ ಕಡೆಯ ಸಭೆಗೆ ತೋರಿಸುವುದಕ್ಕಾಗಿ ಕೊಡುವ ಪತ್ರಗಳ ನಕಲುಗಳು ಅದರಲ್ಲಿರುತ್ತವೆ. ನಾನು ಕೆಲಸ ವಹಿಸಿಕೊಂಡಾಗ ಅದು ಬೆರಳಿನಷ್ಟು ದಪ್ಪವಿತ್ತು; ಈಗ ಅದನ್ನು ಕಟ್ಟಲು ದಾರ ಸಾಲದು. ಕಳೆದ ವರ್ಷ ನಮ್ಮಲ್ಲಿ ದೀಕ್ಷಾಸ್ನಾನಗಳು ಎರಡು. ಮಣ್ಣು ಮಾಡಿದ್ದು ಆರು ಮಂದಿಯನ್ನು. ಪತ್ರ ಪಡೆದು ಬೆಂಗಳೂರಿಗೋ ಮುಂಬಯಿಗೋ ಅರಬರ ನಾಡಿಗೋ ಹೊರಟ ಕುಟುಂಬಗಳು ಐದು. ಮದುವೆಯ ದಫ್ತರವನ್ನು ತೆರೆಯುವ ಪ್ರಸಂಗ ಒಮ್ಮೆ ಮಾತ್ರ ಬಂದಿತು. ಆ ದಂಪತಿಗಳೂ ಮರುವಾರವೇ ಪತ್ರ ಕೇಳಲು ಬಂದರು.

ಕರಾವಳಿಯ ಈ ಸಣ್ಣ ಊರಿನ ಹೆಸರನ್ನು ನಾನು ಹೇಳದಿರುವುದಕ್ಕೆ ಓದುಗರು ಮನ್ನಿಸಬೇಕು. ಹೇಳಿದರೆ ಹಿರಿಯರ ಮಂಡಳಿಯಲ್ಲಿ ನನ್ನ ಕುರ್ಚಿ ಉಳಿಯುವುದು ಕಷ್ಟ. ಕ್ರೈಸ್ತರಲ್ಲದ ಓದುಗರಿಗಾಗಿ ಇನ್ನೊಂದು ಮಾತನ್ನೂ ಹೇಳಬೇಕು. 'ಸಭೆ' ಎಂದರೆ ನಮ್ಮಲ್ಲಿ ಭಾಷಣ, ಹಾರ, ವಂದನಾರ್ಪಣೆಗಳ ಸಭೆಯಲ್ಲ. ಒಂದು ಊರಿನ ವಿಶ್ವಾಸಿಗಳ ಒಕ್ಕಲಿಗೂ ಸಭೆಯೆನ್ನುತ್ತೇವೆ; ಎಲ್ಲ ಕಾಲದ, ಎಲ್ಲ ದೇಶದ ವಿಶ್ವಾಸಿಗಳೆಲ್ಲರ ಒಟ್ಟು ಬಳಗಕ್ಕೂ ಸಭೆಯೆಂದೇ ಹೇಳುತ್ತೇವೆ. ಒಂದೇ ಶಬ್ದ ಎರಡು ಕಡೆ ದುಡಿಯುತ್ತಿರುವುದರಿಂದ ಎಷ್ಟೋ ಗೊಂದಲಗಳಾಗಿವೆ. ನಾನು ಈಗ ಬರೆಯಹೊರಟಿರುವುದೂ ಬಹುಮಟ್ಟಿಗೆ ಆ ಗೊಂದಲದ ವಿಚಾರವನ್ನೇ.

ನಮ್ಮ ಮಂಡಳಿಯಲ್ಲಿ ಎರಡು ಪಕ್ಷಗಳಿವೆ. ಮೊದಲನೆಯದನ್ನು 'ದೇವರು ನೋಡಿಕೊಳ್ಳುತ್ತಾನೆ' ಪಕ್ಷವೆನ್ನಬಹುದು. ಮಾಡು ಸೋರುತ್ತಿದೆಯೆಂದರೆ ದೇವರು ನೋಡಿಕೊಳ್ಳುತ್ತಾನೆ. ಭಾನುವಾರದ ಶಾಲೆಗೆ ಮಕ್ಕಳಿಲ್ಲವೆಂದರೆ ದೇವರು ನೋಡಿಕೊಳ್ಳುತ್ತಾನೆ. ಈ ಪಕ್ಷದವರು ಸಾಮಾನ್ಯವಾಗಿ ಒಳ್ಳೆಯವರು, ಸಭೆ ಮುಗಿದೊಡನೆ ಮನೆಗೆ ಹೋಗಿ ಊಟ ಮಾಡುವವರು. ಎರಡನೆಯದು ಠೇವಣಿ ಪಕ್ಷ. ರಸ್ತೆಯ ಬದಿಯಲ್ಲಿರುವ ನಮ್ಮ ದೇವಾಲಯದ ಹಿತ್ತಲಿನಲ್ಲಿ ಹನ್ನೆರಡು ಅಂಗಡಿ ಕೋಣೆಗಳನ್ನು ಕಟ್ಟಿಸಿ, ಬಾಡಿಗೆಗೆ ಕೊಟ್ಟು, ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಇನ್ನು ನೂರು ವರ್ಷಗಳವರೆಗೆ ಸಭೆಗೆ ಚಿಂತೆಯಿಲ್ಲವೆಂದು ಇವರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ನೂರು ವರ್ಷಗಳಾದ ಮೇಲೆ ಆ ಬಡ್ಡಿಯನ್ನು ಎಣಿಸಲು ಭಾನುವಾರ ಯಾರು ಬಂದು ಕೂರುತ್ತಾರೆಂಬುದೊಂದನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನಮ್ಮ ಹಳೆಯ ಕನ್ನಡ ಕ್ರೈಸ್ತ ಬರವಣಿಗೆಯಲ್ಲಿ ಒಂದು ಸೊಗಸಾದ ಮಾತಿದೆ: ಪರಾಮರಿಕೆ. ದೇವರು ತನ್ನವರನ್ನು ಕಣ್ಣಿಟ್ಟು ನೋಡಿ, ಬೇಕಾದುದನ್ನು ಒದಗಿಸಿ, ನಡೆಸಿಕೊಂಡು ಹೋಗುವುದಕ್ಕೆ ಆ ಹೆಸರು. ನನ್ನ ತಂದೆಯವರು ಪ್ರತಿ ರಾತ್ರಿಯ ಪ್ರಾರ್ಥನೆಯಲ್ಲಿ ಅದನ್ನು ಬಿಡದೆ ಉಚ್ಚರಿಸುತ್ತಿದ್ದರು. ಪರಾಮರಿಕೆಯೆಂದರೆ ಇಂದು ಇದ್ದುದು ನಾಳೆಯೂ ಇದ್ದಂತೆಯೇ ಇರುತ್ತದೆಂಬ ಖಾತರಿಯೇ? ಎರಡು ಪಕ್ಷದವರೂ ಹಾಗೆಂದೇ ತಿಳಿದಿದ್ದಾರೆಂದು ನನಗೆ ತೋರುತ್ತದೆ. ಒಬ್ಬರು ಆ ಖಾತರಿಯನ್ನು ದೇವರಿಂದ ಪುಕ್ಕಟೆಯಾಗಿ ಬಯಸುತ್ತಾರೆ, ಇನ್ನೊಬ್ಬರು ಬ್ಯಾಂಕಿನಿಂದ ಬಡ್ಡಿಸಹಿತ ಬಯಸುತ್ತಾರೆ, ವ್ಯತ್ಯಾಸ ಅಷ್ಟೆ.

ಕ್ರಿಸ್ತನು ಪೇತ್ರನಿಗೆ ಕೊಟ್ಟ ವಾಗ್ದಾನವೊಂದಿದೆ. ತಾನು ಕಟ್ಟುವ ಸಭೆಯನ್ನು ಮರಣದ ಬಲವೂ ಸೋಲಿಸಲಾರದು ಎಂಬುದು ಅದರ ತಾತ್ಪರ್ಯ. ನಮ್ಮವರಿಗೆ ಇದು ಬಾಯಿಪಾಠ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ, ಪತ್ಮೋಸ್ ದ್ವೀಪದಲ್ಲಿ ಸೆರೆಯಾಗಿದ್ದ ಯೋಹಾನನಿಗೆ ಆದ ದರ್ಶನದಲ್ಲಿ, ಅದೇ ಕ್ರಿಸ್ತನು ಎಫೆಸದ ಸಭೆಗೆ ಹೇಳಿ ಕಳುಹಿಸಿದ ಎಚ್ಚರಿಕೆಯೂ ಇದೆ: ಮೊದಲಿದ್ದ ಪ್ರೀತಿಗೆ ಹಿಂದಿರುಗದಿದ್ದರೆ ನಿನ್ನ ದೀಪಸ್ತಂಭವನ್ನು ಅದರ ಸ್ಥಳದಿಂದ ತೆಗೆದುಬಿಡುತ್ತೇನೆ ಎಂದು. ಇದನ್ನು ಬಾಯಿಪಾಠ ಮಾಡಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ವಾಗ್ದಾನ ಕೊಟ್ಟದ್ದು ದೊಡ್ಡ ಸಭೆಗೆ. ಎಚ್ಚರಿಕೆ ಕೊಟ್ಟದ್ದು ಊರಿನ ಸಭೆಗೆ. ನಾವು ವಾಗ್ದಾನವನ್ನು ನಮ್ಮ ಊರಿಗೆ ಬರೆದುಕೊಂಡು, ಎಚ್ಚರಿಕೆಯನ್ನು ಊರ ಹೊರಗೆ ಕಳುಹಿಸಿದ್ದೇವೆ.

ಎಫೆಸ ಸಾಮಾನ್ಯ ಊರಾಗಿರಲಿಲ್ಲ. ಸಂತ ಪೌಲನು ಸುಮಾರು ಮೂರು ವರ್ಷಗಳ ಕಾಲ ನೆಲೆಸಿ ಬೋಧಿಸಿದ ಊರು. 431ರಲ್ಲಿ ಕ್ರೈಸ್ತ ಜಗತ್ತಿನ ಬಿಷಪರೆಲ್ಲ ಸೇರಿ ಮಹಾಸಭೆ ನಡೆಸಿದ ಊರು. ಇಂದು ಟರ್ಕಿ ದೇಶದಲ್ಲಿ ಅದೊಂದು ಹಾಳುಪಟ್ಟಣ. ನದಿಯ ಹೂಳು ತುಂಬಿ ಬಂದರು ಮುಚ್ಚಿತು, ಸಮುದ್ರವೇ ಮೈಲಿಗಟ್ಟಲೆ ದೂರ ಸರಿಯಿತು. ಪ್ರವಾಸಿಗಳು ಟಿಕೇಟು ಕೊಂಡು ಕಂಬಗಳನ್ನು ನೋಡಿ ಬರುತ್ತಾರೆ. ಆಗಸ್ಟೀನನ ಹಿಪ್ಪೋ ನಗರದ ಗತಿಯೂ ಅದೇ. 430ರಲ್ಲಿ, ವ್ಯಾಂಡಲರ ಸೈನ್ಯ ಊರನ್ನು ಮುತ್ತಿಕೊಂಡಿದ್ದಾಗ, ಆ ಮಹಾನುಭಾವ ಒಳಗೆ ಪ್ರಾಣಬಿಟ್ಟ. ಉತ್ತರ ಆಫ್ರಿಕದ ಆ ಸಭೆಗಳು ಮುಂದಿನ ಶತಮಾನಗಳಲ್ಲಿ ಕ್ಷೀಣಿಸುತ್ತ ಹೋಗಿ ಕಡೆಗೆ ಇಲ್ಲವಾದುವು. ಆಗಸ್ಟೀನನ ಗ್ರಂಥಗಳು ಮಾತ್ರ ಸಮುದ್ರ ದಾಟಿ ಹೋಗಿ, ಯೂರೋಪಿಗೆ ಸಾವಿರ ವರ್ಷ ಪಾಠ ಹೇಳಿದುವು. ದೀಪ ಆರಲಿಲ್ಲ, ಕಂಬ ಕದಲಿತು. ಆದರೂ ಹಿಪ್ಪೋವಿನಲ್ಲಿ ಉಳಿದಿದ್ದ ಕೊನೆಯ ಕ್ರೈಸ್ತ ಮುದುಕಿಗೆ ಈ ಮಾತಿನಿಂದ ಸಮಾಧಾನವಾಗುತ್ತಿತ್ತೇ ಎಂದು ನಾನು ಆಗಾಗ ಯೋಚಿಸುವುದುಂಟು.

ದೂರದ ಮಾತೇಕೆ? ನಮ್ಮ ಕನ್ನಡ ಜಿಲ್ಲೆಯಲ್ಲಿಯೇ ಒಂದು ಸಮುದಾಯ ಬೇರುಸಹಿತ ಕಿತ್ತುಹೋಗಿ ಮತ್ತೆ ಚಿಗುರಿದ ಚರಿತ್ರೆಯಿದೆ. 1784ರಲ್ಲಿ ಟೀಪು ಸುಲ್ತಾನನು, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಗುಮಾನಿಯಿಂದ, ಮಂಗಳೂರಿನ ಕಥೋಲಿಕ ಕ್ರೈಸ್ತರನ್ನು ಹಿಡಿಸಿ ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಇಗರ್ಜಿಗಳನ್ನು ಕೆಡವಲಾಯಿತು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರೆಷ್ಟೋ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಹಿಂದಿರುಗಿ ಬಂದು ಹಾಳುಬಿದ್ದ ನೆಲವನ್ನು ಮತ್ತೆ ಉತ್ತರು, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಈ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಒಂದು ಸಣ್ಣ ಸಂಗತಿ. ಮೂಡಬಿದಿರೆಯ ಸಮೀಪದ ಹೊಸಬೆಟ್ಟಿನ ಇಗರ್ಜಿ ಆ ಕಾಲದಲ್ಲಿ ಕೆಡವಲ್ಪಡದೆ ಉಳಿಯಿತು. ಉಳಿಸಿದವರು ಆ ನೆಲದ ಚೌಟ ಅರಸರು, ಜೈನ ಮನೆತನದವರು. ಒಂದು ಇಗರ್ಜಿಯನ್ನು ಕಾಯಲು ದೇವರಿಗೆ ಆ ಹೊತ್ತು ದೊರಕಿದ್ದು ಜೈನ ಅರಸನ ಕೈ. ಪರಾಮರಿಕೆಯ ಬಗ್ಗೆ ಪ್ರಸಂಗ ಮಾಡುವವರು ಇದನ್ನು ಯಾಕೆ ಹೇಳುವುದಿಲ್ಲವೋ ನನಗೆ ತಿಳಿಯದು.

ಇನ್ನು ನನ್ನ ಸ್ವಂತ ಮನೆತನದ ಸಭೆಗೆ ಬರುತ್ತೇನೆ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಅವರೂ ಅವರ ಹಿಂದೆ ಬಂದವರೂ ಮಾಡಿದ ಕೆಲಸ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಲ್ಲ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ'ವೂ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟೂ ಎಲ್ಲರ ಸ್ವತ್ತು. ಜನರು ಮರೆತಿರುವುದು ಇನ್ನೊಂದು ಮುಖವನ್ನು. ಮಿಶನ್ನನ್ನು ಸೇರಿದವನಿಗೆ ಕುಲ ಬಿಟ್ಟುಹೋಗುತ್ತಿತ್ತು. ಕುಲದೊಡನೆ ಗೇಣಿಯ ಗದ್ದೆ, ಕಳ್ಳಿಳಿಸುವ ಕಸುಬು, ನಂಟರ ಮನೆಯ ಊಟ ಎಲ್ಲವೂ ಹೋಗುತ್ತಿತ್ತು. ಅವನಿಗೆ ಅನ್ನ ಬೇಕಲ್ಲವೆ? ಅದಕ್ಕಾಗಿ ಮಿಶನ್ನಿನವರು ಮಗ್ಗಗಳನ್ನು ಹಾಕಿದರು, ಅಚ್ಚುಕೂಟವನ್ನು ತೆರೆದರು, 1865ರಲ್ಲಿ ಪ್ಲೆಬ್ಸ್ಟ್ ಎಂಬಾತನು ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ತಟ್ಟಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಮಂಗಳೂರು ಹಂಚು ಹುಟ್ಟಿದ್ದು ಹೀಗೆ. ನನ್ನ ಅಜ್ಜ ಆ ಹಂಚುಗಳನ್ನು ಒಣಗಲಿಕ್ಕೆ ಜೋಡಿಸುವ ಕೆಲಸಕ್ಕೆ ಹುಡುಗನಾಗಿ ಸೇರಿದವನು.

ಇದರಿಂದ ಅನ್ನ ಸಿಕ್ಕಿತು. ಅನ್ನದೊಡನೆ ಒಂದು ಅಭ್ಯಾಸವೂ ಬಂತು. ಕೆಲಸ ಕೊಡುವವರು ಮಿಶನ್ನಿನವರು, ಮನೆ ಕೊಡುವವರು ಅವರು, ಶಾಲೆ ಅವರದು, ಔಷಧ ಅವರದು. ಭಾನುವಾರ ಪೀಠದ ಮೇಲೆ ನಿಂತು ದೇವರ ಮಾತನ್ನು ಹೇಳುವವರೂ ಅವರೇ. ತಪ್ಪು ಮಾಡಿದವನನ್ನು ಶಿಕ್ಷಿಸುವವರೂ ಅವರೇ. ಹೀಗಾಗಿ ನಮ್ಮ ಹಿರಿಯರ ಮನಸ್ಸಿನಲ್ಲಿ ದೇವರ ಪರಾಮರಿಕೆಗೂ ಮಿಶನ್ ಬಂಗಲೆಗೂ ನಡುವೆ ಗೋಡೆಯೇ ಇಲ್ಲದಂತಾಯಿತು. ನಮ್ಮವರಲ್ಲಿ ಬೋಧಕರು ಇರಲಿಲ್ಲವೆಂದಲ್ಲ. ಹರ್ಮನ್ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲಿಗೆ ಹೋಗಿ ಓದಿ, ಮಿಶನರಿಯಾಗಿ ಹಿಂದಿರುಗಿದ್ದರು. ಅವರ ತರುವಾಯವೂ ಕನ್ನಡ ಬೋಧಕರು ತಯಾರಾಗುತ್ತಲೇ ಇದ್ದರು. ಆದರೆ ಹಣದ ಪೆಟ್ಟಿಗೆಯ ಬೀಗದ ಕೈ ಬಂಗಲೆಯಲ್ಲಿತ್ತು; ಬೀಗದ ಕೈ ಇರುವ ಕಡೆಗೇ ಮನುಷ್ಯನ ಕಣ್ಣು.

1914ರ ಆಗಸ್ಟಿನಲ್ಲಿ ಯೂರೋಪಿನ ಯುದ್ಧ ಹತ್ತಿತು. ಬಾಸೆಲ್ ಸ್ವಿಸ್ ನಗರವಾದರೂ ಮಿಶನರಿಗಳಲ್ಲಿ ಬಹುಮಂದಿ ಜರ್ಮನರು. ಇಂಗ್ಲಿಷ್ ಸರಕಾರಕ್ಕೆ ಅವರು ಶತ್ರುದೇಶದ ಪ್ರಜೆಗಳು. ಗಂಡಸರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿದರು. ಅನಂತರ ಹಡಗು ಹತ್ತಿಸಿ ದೇಶಕ್ಕೆ ಕಳುಹಿಸಿಬಿಟ್ಟರು. ಕಾರ್ಖಾನೆಗಳು ಸರಕಾರದ ಹತೋಟಿಗೆ ಹೋಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದುವು. ಎಂಬತ್ತು ವರ್ಷ ಕಟ್ಟಿದ್ದು ಎರಡು ವರ್ಷಗಳೊಳಗೆ ಕೈಬಿಟ್ಟುಹೋಯಿತು. ಹೊರಗಿನವರು ನೋಡಿ, ಇನ್ನು ಈ ಜನ ಚದರಿಹೋಗುತ್ತಾರೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ.

ಆ ಮೊದಲ ಭಾನುವಾರದ ಕಥೆಯನ್ನು ನನ್ನ ತಂದೆಯವರು ಹೇಳುತ್ತಿದ್ದರು. ಅವರು ಆಗ ಆರು ವರ್ಷದ ಹುಡುಗ. ದೇವಾಲಯದಲ್ಲಿ ಆರ್ಗನ್ ಬಾರಿಸುತ್ತಿದ್ದವರು ಮಿಶನರಿಯ ಹೆಂಡತಿ. ಅವರಿಲ್ಲ. ಆರ್ಗನ್ನಿನ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಮುಂದಿನ ಬೆಂಚು ಬರಿದಾಗಿತ್ತು. ಅಲ್ಲಿ ಕೂರಲು ಯಾರಿಗೂ ಧೈರ್ಯ ಬರಲಿಲ್ಲ. ಹಾಡಿನ ಸಂಖ್ಯೆಯನ್ನು ಹೇಳಿದ ಮೇಲೆ ಬಹಳ ಹೊತ್ತು ಯಾರೂ ಬಾಯಿ ತೆರೆಯಲಿಲ್ಲವಂತೆ. ಕಡೆಗೆ ನನ್ನ ಅಜ್ಜ, ಹಂಚಿನ ಕಾರ್ಖಾನೆಯಲ್ಲಿ ಕೂಗಿ ಮಾತನಾಡಿ ರೂಢಿಯಾದವನು, ಎದ್ದು ನಿಂತು ಹಾಡು ಎತ್ತಿದ. ಎತ್ತಿದ್ದು ಎಷ್ಟು ಮೇಲಿನ ಶ್ರುತಿಯಲ್ಲೆಂದರೆ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹೆಂಗಸರ ಸ್ವರವೂ ನಿಂತುಹೋಯಿತು. ಮಕ್ಕಳು ನಕ್ಕರು. ಬೋಧಕರು ಪೀಠದ ಮೇಲಿನಿಂದ, "ಸ್ವಲ್ಪ ಕೆಳಗಿನಿಂದ ಎತ್ತಿ, ಎಲ್ಲರೂ ಹಾಡುವ ಹಾಗೆ" ಎಂದರು. ಮತ್ತೆ ಕೆಳಗಿನಿಂದ ಎತ್ತಿದರು. ಆ ದಿನದಿಂದ ಬಹಳ ವರ್ಷ ನಮ್ಮ ಸಭೆಯಲ್ಲಿ ಆರ್ಗನ್ನಿಲ್ಲದೆ ಹಾಡುವುದೇ ಪದ್ಧತಿಯಾಯಿತು. ಕೀಲಿ ಸಿಕ್ಕಿದ ಮೇಲೂ.

ಹಣದ ಮಾತನ್ನು ನನ್ನ ಅಜ್ಜಿ ಬಗೆಹರಿಸಿದಳೆಂದು ಹೇಳಿದರೆ ಚರಿತ್ರಕಾರರು ಒಪ್ಪಲಾರರು. ಅನ್ನಕ್ಕೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿ, ಶನಿವಾರ ಆ ಮಡಕೆಯನ್ನು ಬೋಧಕರ ಮನೆಗೆ ಒಯ್ದು ಸುರಿಯುವ ಕ್ರಮವನ್ನು ಆ ಕೇರಿಯ ಹೆಂಗಸರು ಹಿಡಿದರು. ತೊಡೆಯ ಮೇಲೆ ಕೂಸು, ಹೊಟ್ಟೆಗೆ ಗಂಜಿ, ಆದರೂ ಹಿಡಿ ತಪ್ಪಲಿಲ್ಲ. "ದೊರೆಗಳು ಕೊಟ್ಟರೆ ನಾವು ಉಣ್ಣುತ್ತಿದ್ದೆವು. ಈಗ ನಾವು ಕೊಟ್ಟರೆ ಅಯ್ಯನವರು ಉಣ್ಣುತ್ತಾರೆ" ಎಂದು ಅಜ್ಜಿ ಹೇಳುತ್ತಿದ್ದಳಂತೆ. ಈ ಮಾತಿನಲ್ಲಿ ದುಃಖವೆಷ್ಟು, ಹೆಮ್ಮೆಯೆಷ್ಟು ಎಂದು ನನ್ನ ತಂದೆಯವರು ಎಷ್ಟು ಸಲ ಹೇಳಿದರೂ ನನಗೆ ಅಳೆಯಲಾಗಿಲ್ಲ.

ಯುದ್ಧ ಮುಗಿದು ಅನೇಕ ವರ್ಷಗಳಾದ ಮೇಲೆ ಬಾಸೆಲಿನವರಿಗೆ ಮತ್ತೆ ಬರಲು ಅಪ್ಪಣೆ ದೊರಕಿತು. ಬಂದವರನ್ನು ನಮ್ಮವರು ಪ್ರೀತಿಯಿಂದ ಎದುರುಗೊಂಡರು. ಆದರೆ ಹಿಂದಿನ ಸಂಬಂಧ ಹಿಂದಿರುಗಲಿಲ್ಲ, ಹಿಂದಿರುಗಬೇಕಾಗಿಯೂ ಇರಲಿಲ್ಲ. 1939ರಲ್ಲಿ ಎರಡನೆಯ ಯುದ್ಧ ಬಂದು ಜರ್ಮನರನ್ನು ಮತ್ತೆ ಸೆರೆಗೆ ಕಳುಹಿಸಿದಾಗ ಸಭೆಗಳು ಮೊದಲಿನಷ್ಟು ಕಂಗೆಡಲಿಲ್ಲ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಸುಮಾರು ಆರು ವಾರಗಳಿಗೆ, ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯವಾಯಿತು. ಬಿಷಪರನ್ನು ಒಪ್ಪುವವರು, ಒಪ್ಪದವರು ಒಂದೇ ಮಾಡಿನ ಕೆಳಗೆ ಬಂದರು; ಅಂಥ ಐಕ್ಯ ಯೂರೋಪಿನಲ್ಲಿ ಮುನ್ನೂರು ನಾನ್ನೂರು ವರ್ಷಗಳಲ್ಲಿ ಸಾಧ್ಯವಾಗಿರಲಿಲ್ಲ. ಕಾಲಕ್ರಮದಲ್ಲಿ ಕರ್ನಾಟಕದ ಬಾಸೆಲ್ ಸಭೆಗಳೂ ಅದನ್ನು ಸೇರಿದುವು. 1914ರಲ್ಲಿ ಕೈ ಬಿಡದಿದ್ದರೆ ಇದು ಆಗುತ್ತಿತ್ತೇ? ಆಗುತ್ತಿತ್ತೋ ಏನೋ. ಆದರೆ ಯುದ್ಧವನ್ನು ದೇವರೇ ಇದಕ್ಕಾಗಿ ತಂದನೆನ್ನುವ ಭಕ್ತರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಲಕ್ಷಾಂತರ ಹುಡುಗರು ಕಂದಕಗಳಲ್ಲಿ ಕೊಳೆತು ಸತ್ತದ್ದು ಮಂಗಳೂರಿನ ಸಭೆಗೆ ಸ್ವಾವಲಂಬನೆ ಕಲಿಸಲಿಕ್ಕೆ ಎನ್ನುವುದು ದೇವರನ್ನು ಹೊಗಳುವ ರೀತಿಯಲ್ಲ. ಮನುಷ್ಯರು ಮಾಡಿದ ಹಾಳಿನೊಳಗೂ ಅವನು ಕೈಯಿಟ್ಟು ಏನನ್ನಾದರೂ ಹೆಕ್ಕಿ ತೆಗೆಯುತ್ತಾನೆ ಎಂಬಷ್ಟನ್ನು ನಾನು ನಂಬುತ್ತೇನೆ. ಅಷ್ಟು ನಂಬುವುದಕ್ಕೇ ನನಗೆ ಎಪ್ಪತ್ತು ವರ್ಷ ಹಿಡಿಯಿತು.

ನನ್ನ ಮಗಳು ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ದಾದಿ. ಎರಡು ವರ್ಷಗಳ ಹಿಂದೆ ರಜೆಯಲ್ಲಿ ಬಾಸೆಲ್ ನಗರವನ್ನು ನೋಡಲು ಹೋಗಿದ್ದಳು. ಮುತ್ತಜ್ಜನ ಕಾಲದ ಹೆಸರಲ್ಲವೆ ಎಂಬ ಕುತೂಹಲ. ಅಲ್ಲಿಂದಲೇ ಟೆಲಿಫೋನ್ ಮಾಡಿದಳು.

"ಅಪ್ಪಾ, ನಾನೀಗ ಎಲಿಜಬೆತ್ ದೇವಾಲಯದೊಳಗೆ ಕುಳಿತು ಕಾಫಿ ಕುಡಿಯುತ್ತಿದ್ದೇನೆ."

"ದೇವಾಲಯದೊಳಗೆ ಕಾಫಿಯೇ?"

"ಹೌದಪ್ಪಾ. ಇಲ್ಲಿ ಕಾಫಿಯ ಅಂಗಡಿಯಿದೆ. ಸಂಗೀತ ಕಚೇರಿಗಳೂ ಆಗುತ್ತವಂತೆ. ಗೋಪುರ ಎಷ್ಟು ಎತ್ತರ ಗೊತ್ತೇ! ಆದರೆ ನಮ್ಮ ಸಭೆಯ ಹಾಗೇ, ಭಾನುವಾರಕ್ಕೆ ಬರುವವರು ಕಡಿಮೆ."

ಆ ದೇವಾಲಯವನ್ನು ಬಾಸೆಲಿನ ಧನಿಕ ಕ್ರಿಸ್ಟೋಫ್ ಮೆರಿಯನ್ನನು ಸ್ವಂತ ಖರ್ಚಿನಲ್ಲಿ ಕಟ್ಟಿಸಹೊರಟದ್ದು. ಅದು ಮುಗಿದದ್ದು 1864ರಲ್ಲಿ, ಜೆಪ್ಪುವಿನಲ್ಲಿ ಹಂಚು ಸುಡಲಾರಂಭಿಸುವುದಕ್ಕೆ ಒಂದು ವರ್ಷ ಮುಂಚೆ. ದಂಪತಿಗಳನ್ನು ಅದರಲ್ಲಿಯೇ ಹೂಳಿದ್ದಾರೆ. 1994ರಿಂದ ಅದನ್ನು ನಗರದ ಎಲ್ಲ ಬಗೆಯ ಜನರಿಗೂ ತೆರೆದಿಟ್ಟಿದ್ದಾರೆ. ಬಾಸೆಲ್ ಮಿಶನ್ ಕೂಡ 2001ರಲ್ಲಿ ಇತರ ಸಂಸ್ಥೆಗಳೊಡನೆ ಸೇರಿ ಹೊಸ ಹೆಸರು ಪಡೆದಿದೆ. ಮಗಳ ಮಾತು ಕೇಳಿ ಮೊದಲು ನನಗೆ ವಿಷಾದವಾಯಿತು. ಅನಂತರ, ಕಾಫಿ ಕುಡಿಯಲಿಕ್ಕಾದರೂ ಜನ ಒಳಗೆ ಬರುತ್ತಾರಲ್ಲ ಎಂದುಕೊಂಡೆ. ಬೀಗ ಹಾಕಿ ಹೊರಗೆ ಅಂಗಡಿ ಕಟ್ಟುವುದಕ್ಕಿಂತ, ಬಾಗಿಲು ತೆರೆದು ಒಳಗೆ ಅಂಗಡಿ ಇಡುವುದು ಸುವಾರ್ತೆಗೆ ಒಂದು ಹೆಜ್ಜೆ ಹತ್ತಿರವೋ ದೂರವೋ ನಮ್ಮ ಠೇವಣಿ ಪಕ್ಷದವರು ವಿಚಾರ ಮಾಡಬಹುದು.

ಅವಳು ಮಾತು ಮುಗಿಸುವ ಮುಂಚೆ ಕೇಳಿದಳು: "ಇನ್ನು ಇಪ್ಪತ್ತು ವರ್ಷಗಳ ಮೇಲೆ ನಮ್ಮ ಸಭೆಯಲ್ಲಿ ಯಾರಿರುತ್ತಾರಪ್ಪಾ?" ಊರು ಬಿಟ್ಟು ಹೋದವಳೇ ಈ ಪ್ರಶ್ನೆ ಕೇಳುವುದು ನ್ಯಾಯವೇ ಎಂದು ಮನೆಯವಳು ಮುಖ ಗಂಟಿಕ್ಕಿದಳು. ನಾನು ಉತ್ತರ ಹೇಳದೆ, ಅಲ್ಲಿ ಚಳಿ ಎಷ್ಟು ಎಂದು ವಿಚಾರಿಸಿದೆ.

ಉತ್ತರದ ಒಂದು ತುದಿ ನಮ್ಮ ದೇವಾಲಯದ ಕೊನೆಯ ಬೆಂಚಿನ ಮೇಲೆ ಕುಳಿತಿದೆಯೆಂದು ಈಚೆಗೆ ನನಗೆ ತೋರುತ್ತಿದೆ. ನಮ್ಮ ಕರಾವಳಿಯಲ್ಲಿ ಕಟ್ಟಡ ಕಟ್ಟುವ, ರಸ್ತೆ ಅಗೆಯುವ ಕೆಲಸಕ್ಕೆ ಬಯಲುಸೀಮೆಯಿಂದ ಬಂದ ಕುಟುಂಬಗಳು ಊರಾಚೆಯ ಗುಡಿಸಲುಗಳಲ್ಲಿ ನೆಲೆಸಿರುವುದನ್ನು ಎಲ್ಲರೂ ಬಲ್ಲರು. ಅವರಲ್ಲಿ ನಾಲ್ಕೈದು ಮನೆಯವರು ಗದಗ, ಬಾಗಲಕೋಟೆ ಕಡೆಯ ಕ್ರೈಸ್ತರು. ಬಾಸೆಲಿನವರು ಹುಬ್ಬಳ್ಳಿ, ಧಾರವಾಡ, ಬೆಟಗೇರಿಗಳಲ್ಲಿ ಸಭೆ ಕಟ್ಟಿದ್ದರಲ್ಲ, ಆ ಸೀಮೆಯವರು. ಮೂರು ವರ್ಷಗಳಿಂದ ಬರುತ್ತಿದ್ದಾರೆ. ಮಳೆಗಾಲದಲ್ಲಿ ನಮ್ಮ ಹಳೆಯ ಸದಸ್ಯರು ಕಾರು ಕೆಸರಾಗುತ್ತದೆಂದು ಮನೆಯಲ್ಲಿ ಉಳಿದ ದಿನವೂ ಇವರು ಗೋಣಿಯ ಕೊಪ್ಪೆ ಹೊದ್ದು ಬಂದದ್ದನ್ನು ನಾನು ಕಂಡಿದ್ದೇನೆ. ಬಾಗಿಲ ಬಳಿ ಚಪ್ಪಲಿಯನ್ನು ಒಪ್ಪವಾಗಿ ಜೋಡಿಸಿ ಕೊನೆಯ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಹಾಡುವಾಗ ಮಾತ್ರ ಯಾರ ಸಂಕೋಚವೂ ಅವರಿಗಿಲ್ಲ. ಒಂದು ದಿನ ಆರಾಧನೆ ಮುಗಿದ ಮೇಲೆ ಅವರಲ್ಲೊಬ್ಬ ಹೆಣ್ಣುಮಗಳನ್ನು, ಪುಸ್ತಕವಿಲ್ಲದೆ ಇಷ್ಟು ಚರಣಗಳನ್ನು ಹೇಗೆ ಹಾಡುತ್ತೀಯಮ್ಮಾ ಎಂದು ಕೇಳಿದೆ.

"ನಮ್ಮೂರಾಗೂ ಇದ ಹಾಡು ಹಾಡ್ತೀವ್ರೀ, ಸರ. ನಮ್ಮವ್ವ ಹಾಡಾಕಿ. ಓದಾಕ ಬರಂಗಿಲ್ರೀ, ಹಾಡಾಕ ಬರ್ತೈತಿ."

ಈ ಮನೆಯವರು ನಮ್ಮ ಸಭೆಯ ಸದಸ್ಯತ್ವಕ್ಕೆ ಅರ್ಜಿ ಕೊಟ್ಟಿದ್ದಾರೆ. ಬರೆದುಕೊಟ್ಟವನು ನಾನು, ಹೆಬ್ಬೆಟ್ಟು ಒತ್ತಿದವರು ಅವರು. ಅರ್ಜಿ ಎಂಟು ತಿಂಗಳಿಂದ ಮಂಡಳಿಯ ಮುಂದಿದೆ. ಆಕ್ಷೇಪಣೆಗಳು ಸಭ್ಯವಾಗಿಯೇ ಬಂದಿವೆ. ಕೆಲಸ ಮುಗಿದರೆ ಇವರು ಹೊರಟುಹೋಗುತ್ತಾರಲ್ಲ ಎಂದರು ಒಬ್ಬರು. ನಮ್ಮ ಮಕ್ಕಳು ಹೋಗಿಲ್ಲವೇ ಎಂದು ಕೇಳಿದೆ. ಇವರ ಊರಿನ ಸಭೆಯಿಂದ ಪತ್ರವಿಲ್ಲ ಎಂದರು ಇನ್ನೊಬ್ಬರು. ಬರೆದು ತರಿಸಿದೆ, ಬಂತು. ಮೂರನೆಯವರು, ಮತ ಚಲಾಯಿಸುವ ಹಕ್ಕು ಬಂದರೆ ಹಿತ್ತಲಿನ ಸ್ವತ್ತಿನ ವಿಷಯದಲ್ಲಿ ಇವರ ಮಾತೂ ನಡೆಯಬೇಕಾಗುತ್ತದಲ್ಲ ಎಂದು ಹೇಳಿ, ತಾವು ಹೇಳಿದ್ದು ತಮಗೇ ಕೇಳಿಸಿದಂತೆ ಸುಮ್ಮನಾದರು. ಯಾವ ಕುಲದವರು ಎಂಬ ಪ್ರಶ್ನೆಯನ್ನು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಕುಲ ಬಿಟ್ಟು ಬಂದವರ ಮೊಮ್ಮಕ್ಕಳು ನಾವು, ಹೇಗೆ ತಾನೆ ಕೇಳಿಯೇವು! ಆದರೆ ಕೇಳದ ಆ ಪ್ರಶ್ನೆ ಮೇಜಿನ ಮೇಲೆ ಚಹದ ಲೋಟಗಳ ನಡುವೆ ಕುಳಿತೇ ಇತ್ತು.

ಅಂಗಡಿ ಕೋಣೆಗಳನ್ನು ಕಟ್ಟಿಸುವುದಕ್ಕೆ ನನ್ನ ವಿರೋಧವಿಲ್ಲವೆಂದು ಮಂಡಳಿಯಲ್ಲಿ ಹೇಳಿದ್ದೇನೆ. ಸೋರುವ ಮಾಡಿಗೆ ಹಂಚು ಬೇಕು, ಹಂಚಿಗೆ ಹಣ ಬೇಕು. ಹಿಡಿ ಅಕ್ಕಿಯಿಂದ ಈಗಿನ ಕಾಲದಲ್ಲಿ ಬಡಗಿಯ ಕೂಲಿ ಹುಟ್ಟುವುದಿಲ್ಲ. ಬಂದ ಬಾಡಿಗೆಯ ಮೊದಲ ವರ್ಷದ ಹಣದಲ್ಲಿ ಆ ಗುಡಿಸಲುಗಳ ಮಕ್ಕಳಿಗೆ ಸಂಜೆಯ ಪಾಠ ಹೇಳಲು ಒಬ್ಬ ಶಿಕ್ಷಕನನ್ನು ನೇಮಿಸಬೇಕೆಂಬ ನನ್ನ ಸೂಚನೆಗೆ ಇಬ್ಬರು ಒಪ್ಪಿದ್ದಾರೆ, ಮೂವರು ಯೋಚಿಸುತ್ತಿದ್ದಾರೆ, ಒಬ್ಬರು ನಿದ್ರೆ ಮಾಡಿದ್ದರು. 1914ರಲ್ಲಿ ನಮ್ಮ ಸಭೆಯಿಂದ ಕಸಿದುಕೊಳ್ಳಲಾಗದೆ ಉಳಿದ ಸ್ವತ್ತೆಂದರೆ ಓದಬಲ್ಲ ಕೆಲವರು, ಹಾಡಬಲ್ಲ ಹಲವರು, ಹಿಡಿ ಅಕ್ಕಿ ತೆಗೆದಿಡುವ ಹೆಂಗಸರು. ಮಿಶನ್ ಬಂಗಲೆಯ ಆಸ್ತಿಪಟ್ಟಿಯಲ್ಲಿ ಈ ಮೂರರಲ್ಲಿ ಒಂದನ್ನೂ ಬರೆದಿರಲಿಕ್ಕಿಲ್ಲ.

ನಮ್ಮ ಸಭೆ ಉಳಿಯುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಎಫೆಸ ಉಳಿಯಲಿಲ್ಲ, ಹಿಪ್ಪೋ ಉಳಿಯಲಿಲ್ಲ. ಅವರಿಗಿಂತ ನಾವು ದೇವರಿಗೆ ಹೆಚ್ಚು ಬೇಕಾದವರೆಂದುಕೊಳ್ಳಲು ಕಾರಣ ಕಾಣೆ. ದೊಡ್ಡ ಸಭೆ ಉಳಿಯುತ್ತದೆಂಬ ವಾಗ್ದಾನವನ್ನು ಮಾತ್ರ ನಂಬಿದ್ದೇನೆ. ಅದು ಈ ಊರಿನಲ್ಲಿ ಯಾರ ಕೈಯಿಂದ ಉಳಿಯಬಹುದೆಂದು ನೋಡುತ್ತ, ಆ ಕೈಗೆ ಅಡ್ಡ ಬಾರದಂತೆ ಕುಳಿತಿರುವುದು ನನ್ನ ವಯಸ್ಸಿನವನಿಗೆ ಉಳಿದಿರುವ ಕೆಲಸವೆಂದು ತಿಳಿದಿದ್ದೇನೆ. ಮೊನ್ನೆ ಆ ಹೆಣ್ಣುಮಗಳ ಮೊಮ್ಮಗುವಿಗೆ ಜ್ವರ ಬಂದಾಗ, ಮಂಡಳಿಯಲ್ಲಿ ಸ್ವತ್ತಿನ ಮಾತೆತ್ತಿದ್ದ ಹಿರಿಯರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕೇಳಿದ್ದಕ್ಕೆ, ದಾರಿಯಲ್ಲೇ ಸಿಕ್ಕಿದರು, ಕರೆದುಕೊಂಡು ಹೋದೆ ಎಂದರು. ಅವರ ಮನೆಯಿಂದ ಆ ಗುಡಿಸಲುಗಳು ಯಾವ ದಾರಿಯಲ್ಲೂ ಇಲ್ಲ.

ಬರುವ ಭಾನುವಾರ ಆರಾಧನೆಯಾದ ಮೇಲೆ ಸಾಮಾನ್ಯ ಸಭೆಯಿದೆ. ಕಾರ್ಯದರ್ಶಿಗಳು ತಯಾರಿಸಿದ ವಿಷಯಪಟ್ಟಿಯಲ್ಲಿ ಅಂಗಡಿ ಕೋಣೆಗಳು ಮೊದಲನೆಯದು, ಸದಸ್ಯತ್ವದ ಅರ್ಜಿ ಆರನೆಯದು. ಐದನೆಯದಕ್ಕೆ ಬರುವಷ್ಟರಲ್ಲಿ ನಮ್ಮವರಿಗೆ ಹಸಿವಾಗಿ ಸಭೆ ಮುಂದಕ್ಕೆ ಹೋಗುವುದು ವಾಡಿಕೆ. ಅರ್ಜಿಯನ್ನು ಮೊದಲು ತೆಗೆದುಕೊಳ್ಳಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಕಾರ್ಯದರ್ಶಿಗಳು ಕಾಗದವನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು, "ನೋಡುವ, ಮಾಸ್ಟ್ರೇ" ಎಂದಿದ್ದಾರೆ.